ಕೊಡಗಿನ ಚದುರಿದ ಊರುಗಳು: ಗದ್ದೆ, ಬಾಣೆ, ಐನ್‌ಮನೆ

೧

ಊರೆಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವ ಚಿತ್ರವು ಬಯಲುಸೀಮೆಯದು. ಒತ್ತಾಗಿ ನಿಂತ ಮನೆಗಳು, ನಡುವೆ ಬೀದಿ, ಊರ ಮುಂದೆ ಅಗಸೆ, ಒಂದು ಮಗ್ಗುಲಲ್ಲಿ ಕೆರೆ, ಇನ್ನೊಂದು ಮಗ್ಗುಲಲ್ಲಿ ಗುಡಿ, ಇವೆಲ್ಲದರ ಆಚೆಗೆ ಹೊಲ. ನಮ್ಮ ಶಾಸನಗಳ ಬಹುಭಾಗವು ಇಂತಹ ಊರುಗಳಲ್ಲಿಯೇ ದೊರೆತುದರಿಂದಲೂ, ಗ್ರಾಮಸಂಸ್ಥೆಯನ್ನು ಕುರಿತು ಬರೆದ ಚರಿತ್ರಕಾರರು ಪ್ರಾಯಿಕವಾಗಿ ಇವನ್ನೇ ಆಧಾರವಾಗಿಟ್ಟುಕೊಂಡುದರಿಂದಲೂ, ಈ ಚಿತ್ರವೇ ಊರಿನ ಲಕ್ಷಣವೆಂಬ ಭಾವನೆಯು ನಮ್ಮಲ್ಲಿ ಬಲವಾಗಿ ನೆಲೆಸಿದೆ. ಈ ಅಳತೆಗೋಲನ್ನು ಹಿಡಿದು ಕೊಡಗನ್ನು ಹೊಕ್ಕವನಿಗೆ ಪೇಟೆಗಳು ಸಿಕ್ಕುತ್ತವೆ, ಊರು ಸಿಕ್ಕುವುದಿಲ್ಲ. ಒಂದು ಹಳೆಯ ಮನೆಗೂ ಮತ್ತೊಂದಕ್ಕೂ ನಡುವೆ ಒಂದು ಕಣಿವೆಯೋ, ಒಂದು ಗುಡ್ಡವೋ, ಒಂದು ಕಾಡೋ ಇರುತ್ತದೆ. ಊರಿನ ಹೆಸರನ್ನು ಕೇಳಿದರೆ ಎಲ್ಲರೂ ಹೇಳುತ್ತಾರೆ. ಊರು ಎಲ್ಲಿದೆಯೆಂದು ಕೇಳಿದರೆ ಕೈಯನ್ನು ಸುತ್ತಲೂ ಬೀಸಬೇಕಾಗುತ್ತದೆ.

ಇದು ಕೊಡಗಿಗೆ ಮಾತ್ರ ಸಲ್ಲುವ ವಿಶೇಷವಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಗೋವೆಯ ಕಡೆಯಿಂದ ಬಾರ್ಕೂರು ಮಂಗಳೂರುಗಳನ್ನು ಹಾದು ಕೊಲ್ಲಮಿನವರೆಗೆ ಸಂಚರಿಸಿದ ಇಬ್ನ್ ಬತೂತನು, ಈ ತೀರದಲ್ಲಿ ಪ್ರತಿಯೊಬ್ಬನಿಗೂ ಅವನದೇ ಆದ ತೋಟವೂ, ತೋಟದ ನಡುವೆ ಮನೆಯೂ, ಸುತ್ತಲೂ ಬೇಲಿಯೂ ಇರುವುದನ್ನು ಕಂಡು ಬರೆದಿಟ್ಟಿದ್ದಾನೆ. ಪಶ್ಚಿಮ ಘಟ್ಟದ ಎರಡು ಮಗ್ಗುಲಲ್ಲಿಯೂ ಜನರು ಬಹುಕಾಲದಿಂದ ಹೀಗೆ ಬಿಡಿಬಿಡಿಯಾಗಿ ನೆಲೆಸಿದ್ದಾರೆ. ಆದರೆ ಈ ಬಗೆಯ ನೆಲೆಯ ಒಳಗಟ್ಟನ್ನು ಕಾಗದಪತ್ರಗಳಿಂದಲೂ, ಆಚಾರಗಳಿಂದಲೂ, ನೆಲದ ಮೇಲಿನ ಗುರುತುಗಳಿಂದಲೂ ಏಕಕಾಲದಲ್ಲಿ ಪರೀಕ್ಷಿಸಲು ಕೊಡಗಿನಲ್ಲಿರುವಷ್ಟು ಅನುಕೂಲತೆಯು ಬೇರೆಡೆಯಲ್ಲಿ ವಿರಳ. ಆದುದರಿಂದ ಪ್ರಕೃತ ಲೇಖನದಲ್ಲಿ ಕೊಡಗನ್ನೇ ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ. ಇಲ್ಲಿ ನಾವು ಸ್ಥಾಪಿಸಲೆಳಸುವುದು ಇಷ್ಟು: ಚದುರಿದ ಊರಿಗೂ ಒಂದು ಕಟ್ಟು ಉಂಟು, ಆ ಕಟ್ಟು ಗದ್ದೆ, ಬಾಣೆ, ಮನೆ, ದೇವರಕಾಡುಗಳ ಪರಸ್ಪರ ಸಂಬಂಧದಲ್ಲಿ ಅಡಗಿದೆ, ಆ ಸಂಬಂಧವನ್ನು ಬಿಟ್ಟು ಒಂದೊಂದು ಅಂಗವನ್ನು ಪ್ರತ್ಯೇಕವಾಗಿ ಕಾಪಾಡಿದರೆ ಪರಂಪರೆಯು ಉಳಿದಂತಾಗುವುದಿಲ್ಲ.

೨

ಮೊದಲು ನೆಲದ ವಿನ್ಯಾಸವನ್ನು ನೋಡೋಣ. ಕೊಡಗಿನ ಬಹುಭಾಗವು ಸಣ್ಣ ದೊಡ್ಡ ಗುಡ್ಡಗಳಿಂದಲೂ, ಅವುಗಳ ನಡುವೆ ಹರಿಯುವ ಕಿರುತೊರೆಗಳ ಇಕ್ಕಟ್ಟಾದ ಕಣಿವೆಗಳಿಂದಲೂ ಕೂಡಿದೆ. ಕಣಿವೆಯ ತಳದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ. ಗದ್ದೆಯ ಅಂಚಿನಲ್ಲಿ, ಮಳೆಗಾಲದ ನೀರು ಏರಿದರೂ ತಟ್ಟದಷ್ಟು ಎತ್ತರದಲ್ಲಿ, ಇಳಿಜಾರಿಗೆ ಒರಗಿದಂತೆ ಐನ್‌ಮನೆ, ಅಂದರೆ ಒಕ್ಕದ ಮೂಲಮನೆ. ಮನೆಯ ಹಿಂದಕ್ಕೂ ಪಕ್ಕಕ್ಕೂ ಹಬ್ಬಿದ ಮರಗಾಡಿನ ಭೂಮಿ ಬಾಣೆ. ಮನೆಗೆ ಹೋಗುವ ದಾರಿಯು ಎರಡು ಕಡೆಗಳಲ್ಲಿಯೂ ಮಣ್ಣಿನ ದಿಬ್ಬವುಳ್ಳ ಅಂಕುಡೊಂಕಾದ ಓಣಿ. ಮನೆಯ ಮುಂದೆ ಒಕ್ಕಣೆಯ ಕಳ. ಸಮೀಪದಲ್ಲಿಯೇ ಹಿರಿಯರ ಗುಡಿಯಾದ ಕೈಮಡ. ೧೮೭೦ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದ ರಿಕ್ಟರ್ ಪಾದ್ರಿಯವರು ಮನೆ, ಓಣಿ, ಗದ್ದೆಗಳ ಈ ಜೋಡಣೆಯನ್ನು ಗಮನಿಸಿ ವರ್ಣಿಸಿದ್ದಾರೆ. ಕೊಡವರಲ್ಲದೆ, ಅರೆಭಾಷೆಯನ್ನಾಡುವ ಗೌಡರು ಮೊದಲಾದ ಇತರ ಸಮುದಾಯದವರಲ್ಲಿಯೂ ಐನ್‌ಮನೆಗಳಿವೆ.

ಮನೆಗಳು ಹೀಗೆ ದೂರದೂರವಾಗಿರುವುದಕ್ಕೆ ಕಾಡುಮೃಗಗಳ ಭಯವಿಲ್ಲದ ಧೈರ್ಯವನ್ನೋ, ಒಕ್ಕಗಳ ಸ್ವಾಭಿಮಾನವನ್ನೋ ಕಾರಣವಾಗಿ ಹೇಳುವುದುಂಟು. ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಕಾರಣವು ಬೇಸಾಯದ್ದೇ. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಇಂತಹ ಮಳೆಯಲ್ಲಿ ಮಣ್ಣಿನ ಸಾರವು ವರ್ಷವರ್ಷವೂ ತೊಳೆದುಹೋಗುತ್ತದೆ. ಅದನ್ನು ಮತ್ತೆ ತುಂಬಬೇಕಾದರೆ ಸೊಪ್ಪು ಬೇಕು, ದನದ ಗೊಬ್ಬರ ಬೇಕು. ಬಾಣೆಯ ಸೊಪ್ಪನ್ನು ಕೊಟ್ಟಿಗೆಯಲ್ಲಿ ಹಾಸಿ, ದನಗಳು ತುಳಿದ ಮೇಲೆ ಅದನ್ನು ಗುಂಡಿಗೆ ಹಾಕಿ, ಬೇಸಗೆಯ ಕೊನೆಯಲ್ಲಿ ಗದ್ದೆಗೆ ಹೊತ್ತು ಚೆಲ್ಲಬೇಕು. ಈ ಹೊರೆಯೆಲ್ಲವೂ ತಲೆಯ ಮೇಲೆ ಸಾಗತಕ್ಕುದು. ಬಾಣೆಯು ಮೇಲೆ, ಕೊಟ್ಟಿಗೆಯು ನಡುವೆ, ಗದ್ದೆಯು ಕೆಳಗೆ ಇದ್ದರೆ ಹೊರೆಯು ಇಳಿಜಾರಿನಲ್ಲಿ ಇಳಿಯುತ್ತದೆ. ಮನೆಗಳೆಲ್ಲವೂ ಒಂದೆಡೆ ಗುಂಪಾಗಿದ್ದು ಗದ್ದೆಬಾಣೆಗಳು ದೂರವಾಗಿದ್ದ ಪಕ್ಷದಲ್ಲಿ ಈ ಕ್ರಮವು ನಡೆಯುತ್ತಿರಲಿಲ್ಲ. ಬಯಲುಸೀಮೆಯಲ್ಲಿ ಒಂದು ಕೆರೆಯ ನೀರು ಹಲವು ಮನೆಗಳನ್ನು ಒಂದೆಡೆಗೆ ಎಳೆದು ಕೂಡಿಸಿತು. ಕೊಡಗಿನಲ್ಲಿ ಪ್ರತಿ ಕಣಿವೆಗೂ ತನ್ನದೇ ತೊರೆಯಿದ್ದುದರಿಂದ, ಜನರನ್ನು ನೆಲೆಗೊಳಿಸುವ ಅಧಿಕಾರವು ಕೆರೆಯಿಂದ ಬಾಣೆಗೆ ಹೋಯಿತು.

೩

ಈ ವಿನ್ಯಾಸವು ಎಷ್ಟು ಹಳೆಯದು? ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಗಳ ಸಂಪುಟದಲ್ಲಿ ದಕ್ಷಿಣ ಕೊಡಗಿನ ಬಿಳಿಯೂರಿನ ಶಾಸನವೊಂದಿದೆ. ಶಕ ೮೦೯, ಅಂದರೆ ಕ್ರಿ. ಶ. ೮೮೮ರ ಈ ಶಾಸನವು, ಗಂಗರ ಸತ್ಯವಾಕ್ಯ ಕೊಂಗುಣಿವರ್ಮನು ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವಣಂದಿದೇವನಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ದಾನಮಾಡಿದುದನ್ನು ತಿಳಿಸುತ್ತದೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ.

ಒಂದನೆಯದಾಗಿ, ಬಿಳಿಯೂರೆಂಬ ಒಂದೇ ಹೆಸರಿನ ಕೆಳಗೆ ಹನ್ನೆರಡು ಪಳ್ಳಿಗಳು ಸೇರಿವೆ. ಒಂದು ಹೆಸರು, ಹಲವು ನೆಲೆಗಳು; ಇದು ಚದುರಿದ ಊರಿನ ಲಕ್ಷಣಕ್ಕೆ ಒಪ್ಪುತ್ತದೆ. ಎರಡನೆಯದಾಗಿ, ಕಡಂಗವೆಂಬ ಪದವು ಸ್ಥಳನಾಮದಲ್ಲಿ ಕಾಣುತ್ತದೆ. ಗುಡ್ಡಕಣಿವೆಗಳನ್ನು ಹಾದು ಹರಿದಾರಿಗಟ್ಟಲೆ ಸಾಗುವ ಆಳವಾದ ಅಗಳು ಮತ್ತು ಏರಿಗಳಿಗೆ ಕೊಡಗಿನಲ್ಲಿ ಇಂದಿಗೂ ಕಡಂಗವೆಂದೇ ಹೆಸರು. ನಾಡುನಾಡುಗಳ ಗಡಿಯಾಗಿಯೂ, ಕಾಳಗದಲ್ಲಿ ರಕ್ಷಣೆಯಾಗಿಯೂ ಇವು ಉಪಯೋಗವಾಗಿದ್ದವು. ಬಯಲುಸೀಮೆಯವರು ಮನೆಗಳ ಗುಂಪಿನ ಸುತ್ತ ಕೋಟೆ ಕಟ್ಟಿದರು. ಕೊಡಗಿನವರು ಗದ್ದೆ, ಕಾಡು, ಮನೆಗಳೆಲ್ಲವೂ ಒಳಗಾಗುವಂತೆ ನಾಡಿನ ಸುತ್ತಲೇ ಅಗಳನ್ನು ತೋಡಿದರು. ರಕ್ಷಿಸತಕ್ಕ ವಸ್ತು ಯಾವುದೆಂಬ ವಿಷಯದಲ್ಲಿ ಅವರ ಭಾವನೆಯು ಇದರಿಂದ ವ್ಯಕ್ತವಾಗುತ್ತದೆ.

ಈ ಶಾಸನದಿಂದ ಇಂದಿನ ಐನ್‌ಮನೆಗಳು ಒಂಬತ್ತನೆಯ ಶತಮಾನದಷ್ಟು ಹಳೆಯವೆಂದು ಸಿದ್ಧವಾಗುವುದಿಲ್ಲ. ಹಾಗೆ ಹೇಳುವುದು ಸಾಹಸವಾದೀತು. ಮನೆಗಳು ಸುಟ್ಟುಹೋಗಿ, ಮಳೆಗೆ ಬಿದ್ದು, ಮತ್ತೆ ಮತ್ತೆ ಕಟ್ಟಲ್ಪಟ್ಟಿವೆ. ಹಲವು ನೆಲೆಗಳನ್ನು ಒಂದು ಹೆಸರಿನಲ್ಲಿ ಹಿಡಿಯುವ ಪದ್ಧತಿಯು ಮಾತ್ರ ಪ್ರಾಚೀನವೆಂದು ಧೈರ್ಯವಾಗಿ ಹೇಳಬಹುದು. ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂಬ ಕೊಡಗಿನ ಸಾಂಪ್ರದಾಯಿಕ ಗಣನೆಯೂ ಇದೇ ಪದ್ಧತಿಯ ವಿಸ್ತಾರವಾಗಿ ತೋರುತ್ತದೆ.

೪

ಊರಿನ ಕಟ್ಟನ್ನು ಲೇಖನದಲ್ಲಿ ಮೊದಲು ಸಮಗ್ರವಾಗಿ ಹಿಡಿದಿಟ್ಟ ಕೀರ್ತಿಯು ಹಾಲೇರಿ ವಂಶದ ಲಿಂಗರಾಜೇಂದ್ರನಿಗೆ (ಆಳ್ವಿಕೆ ೧೮೧೧–೧೮೨೦) ಸಲ್ಲುತ್ತದೆ. ೧೮೧೨ರ ಸುಮಾರಿಗೆ ಅವನು ಮಾಡಿಸಿದ ಭೂಮಿಯ ವಿವರಣೆಯು ಲಿಂಗರಾಜನ ಶಿಸ್ತು ಎಂದು ಪ್ರಸಿದ್ಧವಾಗಿದೆ. ಹಾಲೇರಿ ಅರಸರ ಆಡಳಿತಭಾಷೆ ಕನ್ನಡವಾದುದರಿಂದ ಈ ಶಿಸ್ತು ಕನ್ನಡ ಗದ್ಯದ ದಾಖಲೆಯೂ ಹೌದು. ಇದರಲ್ಲಿ ಒಂದೊಂದು ವರ್ಗವನ್ನೂ, ಅದಕ್ಕೆ ಸೇರಿದ ಗದ್ದೆಗಳ ಪ್ರಮಾಣವನ್ನೂ, ಎಲ್ಲೆಕಟ್ಟುಗಳನ್ನೂ, ಗದ್ದೆಯೊಡನೆ ಹೊಂದಿಕೊಂಡ ಬಾಣೆಯನ್ನೂ ನಮೂದಿಸಿದ್ದಾರೆ. ಪ್ರಮಾಣವನ್ನು ಹೇಳಿರುವುದು ಭಟ್ಟಿಗಳ ಲೆಕ್ಕದಲ್ಲಿ. ಅಂದರೆ ಅದು ಗದ್ದೆಯ ಅಳತೆಯನ್ನು ಬೆಳೆಯೊಡನೆ ಕೂಡಿಸಿ ಹೇಳುವ ಮಾನ.

ಭೂಮಿಯ ಹಿಡುವಳಿಗಳಲ್ಲಿ ಮುಖ್ಯವಾದವು ಜಮ್ಮ ಮತ್ತು ಸಾಗು. ಜಮ್ಮವೆಂಬುದು ಜನ್ಮ ಶಬ್ದದ ತದ್ಭವ. ಪಾರಂಪರ್ಯವಾಗಿ ಬರುವ, ಪರಭಾರೆಮಾಡಲಾಗದ, ಒಕ್ಕಕ್ಕೆ ಅವಿಭಕ್ತವಾಗಿ ಸೇರಿದ ಹಕ್ಕು. ಸಾಗು ಭೂಮಿಗೆ ನೂರು ಭಟ್ಟಿಗೆ ೧೦ ರೂಪಾಯಿ ಕಂದಾಯವಾದರೆ ಜಮ್ಮಕ್ಕೆ ೫ ರೂಪಾಯಿ. ಈ ರಿಯಾಯಿತಿಗೆ ಪ್ರತಿಯಾಗಿ ಜಮ್ಮದವರು ಅರಸನಿಗೆ ಯುದ್ಧದಲ್ಲಿಯೂ ಇತರ ಕಾರ್ಯಗಳಲ್ಲಿಯೂ ಸೇವೆ ಸಲ್ಲಿಸಬೇಕಾಗಿತ್ತು.

೧೮೩೪ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿಯ ಕೈಸೇರಿತು. ಹೊಸ ಆಡಳಿತವು ಶಿಸ್ತಿನ ಕ್ರಮವನ್ನು ಬಹುಮಟ್ಟಿಗೆ ಒಪ್ಪಿಕೊಂಡೇ ನಡೆಯಿತು. ೧೮೯೯ರ ಕೊಡಗಿನ ಭೂಕಂದಾಯ ಶಾಸನವು ಬಾಣೆಯ ಲಕ್ಷಣವನ್ನು ಹೇಳುವಾಗ, ಅದು ನೀರಾವರಿ ಗದ್ದೆಯ ವರ್ಗಕ್ಕೆ ಒದಗಲೆಂದು ಕೊಟ್ಟ ಕಾಡುಭೂಮಿಯೆಂದೂ, ಮೇವು, ಸೊಪ್ಪಿನ ಗೊಬ್ಬರ, ಸೌದೆ, ಮನೆಗೂ ಬೇಸಾಯಕ್ಕೂ ಬೇಕಾದ ಮರಮುಟ್ಟುಗಳಿಗಾಗಿ ಕಂದಾಯವಿಲ್ಲದೆ ಅನುಭವಿಸತಕ್ಕುದೆಂದೂ ನಿರೂಪಿಸಿತು. ಈ ನಿರೂಪಣೆಯಲ್ಲಿ ಬಾಣೆಗೆ ಸ್ವತಂತ್ರವಾದ ಅಸ್ತಿತ್ವವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗದ್ದೆಯಿದ್ದರೆ ಬಾಣೆ, ಗದ್ದೆಯಿಲ್ಲದಿದ್ದರೆ ಅದು ಬರಿಯ ಕಾಡು. ನಾವು ಮೊದಲು ನೆಲದ ಮೇಲೆ ಕಂಡ ಸಂಬಂಧವು ಇಲ್ಲಿ ಕಾನೂನಿನ ಮಾತಾಗಿ ನಿಂತಿದೆ.

ಇದೇ ತತ್ತ್ವವು ಪಶ್ಚಿಮ ಘಟ್ಟದ ಉದ್ದಕ್ಕೂ ಬೇರೆಬೇರೆ ಹೆಸರುಗಳಿಂದ ತೋರುತ್ತದೆ. ಉತ್ತರ ಕನ್ನಡದ ಅಡಕೆಯ ತೋಟಗಳಿಗೆ ಸೊಪ್ಪಿನ ಬೆಟ್ಟ. ದಕ್ಷಿಣ ಕನ್ನಡದ ವರ್ಗಗಳಿಗೆ ಕುಮ್ಕಿ. ಕುಮ್ಕಿಯೆಂಬುದು ಸಹಾಯವೆಂಬರ್ಥದ ಕುಮಕ್ ಎಂಬ ಅನ್ಯದೇಶ್ಯದಿಂದ ಬಂದುದು. ನಾವು ನಿತ್ಯವೂ ಆಡುವ ಕುಮ್ಮಕ್ಕು ಎಂಬ ಮಾತೂ ಅದರ ಬಳಗದ್ದೇ. ಸಾಗುಮಾಡಿದ ನೆಲಕ್ಕೆ ಸಾಗುಮಾಡದ ನೆಲವು ಸಹಾಯವಾಗಿ ನಿಲ್ಲಬೇಕೆಂಬ ಅಭಿಪ್ರಾಯವು ಈ ಪದದ ಅರ್ಥದಲ್ಲಿಯೇ ಸ್ಪಷ್ಟವಾಗಿದೆ.

೫

ಈ ಊರಿನ ಕಟ್ಟನ್ನು ಪ್ರಶಂಸಿಸುವವರು ಸಾಮಾನ್ಯವಾಗಿ ಮರೆಯುವ ಒಂದು ವಿಷಯವನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ. ಬಾಣೆಯಿಂದ ಗದ್ದೆಗೆ ಇಳಿದ ಹೊರೆಯನ್ನು ಹೊತ್ತವರಾರು? ಹತ್ತೊಂಬತ್ತನೆಯ ಶತಮಾನದ ವಿವರಣೆಗಳಿಂದ ತಿಳಿದುಬರುವಂತೆ, ಭೂಮಿಯೊಡನೆ ಕಟ್ಟುಬಿದ್ದು ಭೂಮಿಯೊಡನೆಯೇ ಕೈಮಾರುತ್ತಿದ್ದ ಜೀತದವರು ಭೂಮಿಜಮ್ಮದವರೆಂದೂ, ಮನೆತನದ ಸ್ವತ್ತಾಗಿ ಎಣಿಸಲ್ಪಟ್ಟವರು ಒಕ್ಕಲುಜಮ್ಮದವರೆಂದೂ ಕರೆಯಲ್ಪಡುತ್ತಿದ್ದರು. ಜಮ್ಮವೆಂಬ ಅದೇ ಪದವು ಒಬ್ಬನಿಗೆ ಗೌರವದ ಹಕ್ಕಾಗಿಯೂ ಮತ್ತೊಬ್ಬನಿಗೆ ಹುಟ್ಟಿನೊಡನೆ ಬಂದ ಸೆರೆಯಾಗಿಯೂ ಇತ್ತು. ೧೮೪೩ರ ಕಾನೂನಿನಿಂದ ಕಂಪೆನಿಯ ರಾಜ್ಯದಲ್ಲಿ ದಾಸ್ಯಕ್ಕೆ ನ್ಯಾಯಾಲಯಗಳ ಮನ್ನಣೆಯು ತಪ್ಪಿತಾದರೂ, ಸಾಲದ ಮೂಲಕವೂ ರೂಢಿಯ ಮೂಲಕವೂ ಜೀತವು ಬಹುಕಾಲ ಮುಂದುವರಿಯಿತು.

ಇವರ ಗುಡಿಸಲುಗಳು ಗದ್ದೆಯ ಮಗ್ಗುಲಲ್ಲಿಯೋ ಬಾಣೆಯ ಅಂಚಿನಲ್ಲಿಯೋ ಇದ್ದು, ಹುಲ್ಲು ಬಿದಿರುಗಳಿಂದ ಕಟ್ಟಿದವಾದುದರಿಂದ ಕುರುಹಿಲ್ಲದೆ ಹೋಗಿವೆ. ಕಲ್ಲುಮರಗಳ ಐನ್‌ಮನೆಯು ನಿಂತಿದೆಯೆಂಬ ಮಾತ್ರಕ್ಕೆ ಊರೆಂದರೆ ಅದೊಂದೇ ಎಂದು ತಿಳಿಯಬಾರದು. ದುಡಿದವರ ನೆಲೆಗಳೂ, ಎರವರು ಕುರುಬರು ಮೊದಲಾದವರ ಕಾಡಿನ ದಾರಿಗಳೂ, ಅವರು ಇಟ್ಟ ಸ್ಥಳನಾಮಗಳೂ ಊರಿನ ಚರಿತ್ರೆಗೆ ಅಷ್ಟೇ ಅಂಗಗಳು.

೬

ಕಾಗದದಲ್ಲಿ ಲಿಂಗರಾಜನು ಬರೆಸಿದ ಸಂಬಂಧವನ್ನು ಜನರು ವರ್ಷಕ್ಕೊಮ್ಮೆ ನಡೆದು ತೋರಿಸುತ್ತಾರೆ. ಅದು ಪುತ್ತರಿ, ಅಂದರೆ ಹೊಸ ಅಕ್ಕಿಯ ಹಬ್ಬ. ಕಕ್ಕಬ್ಬೆಯ ಸಮೀಪದ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಹಬ್ಬದ ಹೊತ್ತು ನಿಶ್ಚಯವಾಗುತ್ತದೆ. ಆ ರಾತ್ರಿ ಒಕ್ಕದವರೆಲ್ಲರೂ ಐನ್‌ಮನೆಯಲ್ಲಿ ಕೂಡುತ್ತಾರೆ. ಮನೆಯ ನಡುಭಾಗವಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಐದು ಬಗೆಯ ಮರದೆಲೆಗಳನ್ನು ಸೇರಿಸಿ ನೆರೆ ಕಟ್ಟುತ್ತಾರೆ. ಅನಂತರ ದೀಪದೊಡನೆ ಓಣಿಯಲ್ಲಿ ಇಳಿದು, ಗದ್ದೆಗೆ ಹೋಗಿ, ಕದಿರನ್ನು ಕೊಯ್ದು, ಸಮೃದ್ಧಿಯನ್ನು ಕೋರುವ ಕೂಗಿನೊಡನೆ ಕಳಕ್ಕೂ ಮನೆಗೂ ತರುತ್ತಾರೆ. ಮುಂದಿನ ದಿನಗಳಲ್ಲಿ ಊರ ಮಂದಿನಲ್ಲಿಯೂ ನಾಡ ಮಂದಿನಲ್ಲಿಯೂ ಕೋಲಾಟ.

ಈ ಆಚಾರವನ್ನು ನಕ್ಷೆಯಂತೆ ಓದಿದರೆ ಊರಿನ ಅಂಗಗಳೆಲ್ಲವೂ ಒಂದೊಂದಾಗಿ ಬರುತ್ತವೆ: ಮರದೆಲೆಯನ್ನು ಕೊಡುವ ಬಾಣೆ, ನಡುಬಾಡೆ, ಓಣಿ, ಗದ್ದೆ, ಕಳ, ಕೊನೆಗೆ ಬಿಡಿಮನೆಗಳ ಜನರೆಲ್ಲರೂ ಕೂಡುವ ಮಂದು. ಬೀದಿಯಿಲ್ಲದ ಊರಿಗೆ ಮಂದೇ ಕೂಟದ ಸ್ಥಳ. ಅಂತೆಯೇ ನಾಟಿಯ ಕೆಲಸವು ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬವು, ಗದ್ದೆಯ ದುಡಿಮೆಗೂ ಜಮ್ಮದ ಸೇವೆಗೂ ಇದ್ದ ನಂಟನ್ನು ನೆನಪಿಗೆ ತರುತ್ತದೆ. ೧೯೨೪ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪಟ್ಟೋಲೆ ಪಳಮೆಯಲ್ಲಿ ಕೊಡವರ ಹಾಡುಗಳನ್ನೂ ನಡೆನುಡಿಗಳನ್ನೂ ಕನ್ನಡ ಲಿಪಿಯಲ್ಲಿ ಸಂಗ್ರಹಿಸಿ ಪ್ರಕಟಿಸಿದುದರಿಂದ, ಈ ಆಚಾರಗಳ ಹಿಂದಿನ ಸ್ವರೂಪವು ನಮಗೆ ಲಭ್ಯವಾಗಿದೆ. ಅದನ್ನು ಜಾನಪದ ಸಾಹಿತ್ಯವಾಗಿ ಓದುವವರು ಭೂಮಿಯ ಚರಿತ್ರೆಯಾಗಿಯೂ ಓದಬೇಕೆಂದು ನಮ್ಮ ಬಿನ್ನಹ.

೭

೧೮೫೪ರಲ್ಲಿ ಮಡಿಕೇರಿಯ ಬಳಿಯಲ್ಲಿ ಯುರೋಪಿಯನರ ಮೊದಲನೆಯ ಕಾಫಿತೋಟವು ಆರಂಭವಾಯಿತು. ಕ್ರಮೇಣ ಕಾಫಿಯು ಬಾಣೆಗಳನ್ನೂ ಹೊಕ್ಕಿತು. ಇದರಿಂದ ಬಾಣೆಯ ಮರಗಳೆಲ್ಲವೂ ಹೋದುವೆಂದು ಹೇಳುವಂತಿಲ್ಲ. ನೆರಳನ್ನು ಬಯಸುವ ಬೆಳೆಯಾದುದರಿಂದ ಕಾಫಿಯು ಹಲವು ಕಾಡುಮರಗಳನ್ನು ಉಳಿಸಿಕೊಂಡೇ ಬೆಳೆಯಿತು. ಬದಲಾದುದು ಬಾಣೆಯ ಅರ್ಥ. ಗದ್ದೆಗೆ ಸೇವಕನಾಗಿದ್ದ ನೆಲವು ಗದ್ದೆಗಿಂತ ಹೆಚ್ಚು ಹಣವನ್ನು ತರುವ ಒಡೆಯನಾಯಿತು. ಸೊಪ್ಪು ಗದ್ದೆಗೆ ಇಳಿಯುವುದು ಕಡಿಮೆಯಾಯಿತು, ಪೇಟೆಯ ಗೊಬ್ಬರ ಬಂದಿತು, ದನಗಳು ಕಡಿಮೆಯಾದುವು. ಭತ್ತದ ಬೇಸಾಯಕ್ಕೆ ಕೂಲಿಯೂ ಹುಟ್ಟದೆ ಇಂದು ಕೊಡಗಿನಲ್ಲಿ ಎಷ್ಟೋ ಗದ್ದೆಗಳು ಬೀಳುಬಿದ್ದಿವೆ. ಗದ್ದೆಗಾಗಿ ಹುಟ್ಟಿದ ಬಾಣೆ ಉಳಿದು, ಬಾಣೆಗೆ ಕಾರಣವಾದ ಗದ್ದೆ ಅಳಿಯುವ ವಿಪರ್ಯಾಸವು ಹೀಗೆ ಒದಗಿದೆ.

ಬಾಣೆಯ ಮರ ಯಾರದು, ಬಾಣೆಯ ಮೇಲೆ ಒಕ್ಕಕ್ಕಿರುವುದು ಅನುಭೋಗವೋ ಸ್ವಾಮ್ಯವೋ ಎಂಬ ಪ್ರಶ್ನೆಗಳು ನ್ಯಾಯಾಲಯಗಳಲ್ಲಿಯೂ ಶಾಸನಸಭೆಯಲ್ಲಿಯೂ ಮತ್ತೆ ಮತ್ತೆ ಚರ್ಚೆಗೆ ಬಂದಿವೆ. ಅವುಗಳ ತೀರ್ಮಾನವು ನಮ್ಮ ಅಧಿಕಾರಕ್ಕೆ ಸೇರಿದುದಲ್ಲ. ಚರಿತ್ರೆಯ ದೃಷ್ಟಿಯಿಂದ ಒಂದು ಮಾತನ್ನು ಮಾತ್ರ ಹೇಳಬಹುದು. ವಾದಪ್ರತಿವಾದಗಳಲ್ಲಿ ಬಾಣೆಯೆಂಬುದು ಒಂದು ತುಂಡು ನೆಲವಾಗಿ ಎಣಿಸಲ್ಪಡುತ್ತಿದೆ. ಅದು ಮೂಲತಃ ಒಂದು ಸಂಬಂಧದ ಹೆಸರಾಗಿತ್ತೆಂಬುದು ಹಿಂದಕ್ಕೆ ಸರಿದಿದೆ.

೮

ಈಗ ರಕ್ಷಣೆಯ ವಿಷಯ. ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಸಮಿತಿಯು ೧೯೯೨ರಲ್ಲಿ ಸಾಂಸ್ಕೃತಿಕ ಭೂದೃಶ್ಯವೆಂಬ ವರ್ಗವನ್ನು ಅಂಗೀಕರಿಸಿತು. ಮನುಷ್ಯನೂ ನಿಸರ್ಗವೂ ಕೂಡಿ ರೂಪಿಸಿದ ನೆಲವೂ ಪರಂಪರೆಯೇ ಎಂಬುದು ಇದರ ತಾತ್ಪರ್ಯ. ೨೦೧೨ರಲ್ಲಿ ಪಶ್ಚಿಮ ಘಟ್ಟದ ೩೯ ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ, ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಮೊದಲಾದ ಕೊಡಗಿನ ಕಾಡುಗಳೂ ಸೇರಿದುವು. ಆದರೆ ಅವು ಸೇರಿದುದು ನೈಸರ್ಗಿಕ ಪರಂಪರೆಯಾಗಿ. ಅವುಗಳ ತಪ್ಪಲಿನಲ್ಲಿರುವ ಗದ್ದೆ, ಬಾಣೆ, ಐನ್‌ಮನೆ, ಕಡಂಗಗಳಿಗೆ ಅಲ್ಲಿ ಸ್ಥಾನವಿಲ್ಲ. ಇತ್ತ ಕಟ್ಟಡಗಳನ್ನು ಕಾಯುವವರು ಐನ್‌ಮನೆಯ ಕೆತ್ತನೆಯ ಕಂಬಗಳನ್ನು ನೋಡುತ್ತಾರೆ. ಅರಣ್ಯವನ್ನು ಕಾಯುವವರು ೧,೨೦೦ಕ್ಕೂ ಮಿಕ್ಕ ದೇವರಕಾಡುಗಳ ಮರಗಳನ್ನು ನೋಡುತ್ತಾರೆ. ಕಂದಾಯದವರು ಸರ್ವೆ ನಂಬರುಗಳನ್ನು ನೋಡುತ್ತಾರೆ. ಇವರೆಲ್ಲರ ಕೆಲಸವೂ ಅವಶ್ಯಕವೇ. ಆದರೆ ಊರನ್ನು ಊರಾಗಿ ನೋಡುವ ಕಣ್ಣು ಇವರಲ್ಲಿ ಯಾರಿಗೂ ವಿಧಿಸಿದುದಲ್ಲ.

ಬದುಕುವ ಜನರು ಹಳೆಯ ಬೇಸಾಯವನ್ನೇ ಹಿಡಿದಿರಬೇಕೆಂದು ಹೇಳುವ ಅಧಿಕಾರವು ವಿದ್ವಾಂಸರಿಗಿಲ್ಲ. ಜೀತದ ಕಾಲದ ಕಟ್ಟನ್ನು ಮತ್ತೆ ಕಟ್ಟಬೇಕೆಂದು ಬಯಸುವುದಂತೂ ಸಲ್ಲದು. ನಮ್ಮಿಂದ ಆಗತಕ್ಕುದು ದಾಖಲೆಯ ಕೆಲಸ. ಮನೆಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಉಳಿದಿರುವ ಶಿಸ್ತಿನ ಪ್ರತಿಗಳನ್ನು ಓದಿ, ಅವುಗಳ ಎಲ್ಲೆಗಳನ್ನು ಇಂದಿನ ನಕ್ಷೆಯ ಮೇಲೆ ಗುರುತಿಸಬೇಕು. ಒಂದೊಂದು ಗದ್ದೆಗೂ ಒಂದೊಂದು ಹೆಸರಿದೆ. ಗದ್ದೆ ಬೀಳುಬಿದ್ದ ಮೇಲೆ ಆ ಹೆಸರು ಒಂದು ತಲೆಮಾರಿನಷ್ಟು ಕಾಲ ಉಳಿದೀತು, ಅಷ್ಟೆ. ಓಣಿಗಳ, ಕಡಂಗಗಳ, ಮಂದುಗಳ, ದುಡಿಯುವವರ ಹಾಡಿಗಳ ಹೆಸರುಗಳನ್ನು ಬಲ್ಲ ವೃದ್ಧರು ಇರುವಾಗಲೇ ಅವರ ಬಾಯಿಂದ ಅವನ್ನು ಬರೆದುಕೊಳ್ಳಬೇಕು. ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ, ಅವರವರ ಊರಿನ ಒಂದು ಕಣಿವೆಯ ಹೆಸರುಗಳನ್ನಾದರೂ ಸಂಗ್ರಹಮಾಡಿಸಿದರೆ ಈ ಕೆಲಸವು ಬಹುಮಟ್ಟಿಗೆ ಮುಂದುವರಿಯುವುದು.

ಲಿಂಗರಾಜನ ಅಧಿಕಾರಿಗಳು ಇನ್ನೂರು ವರ್ಷಗಳ ಹಿಂದೆ ಕಂದಾಯಕ್ಕಾಗಿ ಈ ನೆಲವನ್ನು ನಡೆದು ಬರೆದರು. ಆ ಬರಹವಿಲ್ಲದಿದ್ದರೆ ಇಂದು ನಮಗೆ ಕಾಣುತ್ತಿದ್ದುದು ಗುಡ್ಡಗಳ ನಡುವೆ ಚೆದುರಿದ ಕೆಲವು ಮನೆಗಳು ಮಾತ್ರ. ಆ ಮನೆಗಳನ್ನು ಊರಾಗಿ ಓದಲು ಅವರ ಶಿಸ್ತು ನಮಗೆ ನೆರವಾಯಿತು. ಮುಂದಿನವರಿಗೂ ಆ ನೆರವು ದೊರೆಯಬೇಕಾದರೆ, ಅದೇ ನೆಲವನ್ನು ನಾವು ಇನ್ನೊಮ್ಮೆ ನಡೆದು ಬರೆಯಬೇಕಾಗಿದೆ.